ಆಸ್ಪತ್ರೆಯ ಬಿಪಿ ನಂಬಬೇಕೋ, ಮನೆಯದನ್ನೋ?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ನಮ್ಮದು ಸಣ್ಣ ಕಾಫಿ ತೋಟ. ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ಅಮ್ಮನ ಬಿಪಿ 158/92 ಬಂತು. ಮನೆಯ ಯಂತ್ರದಲ್ಲಿ 130/80ರ ಆಸುಪಾಸು ಇರುತ್ತದೆ. ಯಾವುದು ಸರಿ? ನರ್ಸ್ ಮಂಡಿನೋವು, ಕಷಾಯ, ಉಪ್ಪಿನಕಾಯಿ ಎಂದೆಲ್ಲ ವಿಚಾರಿಸಿದ್ದು ಅಮ್ಮನಿಗೆ ಹಿಡಿಸಲಿಲ್ಲ. ಬಿಪಿಗೂ ಅದಕ್ಕೂ ಏನು ಸಂಬಂಧ?
– ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಎರಡೂ ಸರಿಯಿರಬಹುದು. ಅಂದು ಬಿಪಿ ನೋಡಿದ್ದು ಹೇಗೆ ಎಂದು ನೆನಪಿಸಿಕೊಳ್ಳಿ. ತಿರುವಿನ ರಸ್ತೆಯಲ್ಲಿ ಬಸ್ ಪ್ರಯಾಣ, ಇಳಿದ ಮೇಲೆ ಏರು, ನಡುವೆ ಒಂದು ಲೋಟ ಕಾಫಿ, ಬಂದು ಕುಳಿತ ಕೂಡಲೇ ತೋಳಿಗೆ ಪಟ್ಟಿ. ಹೀಗಾದರೆ ಯಾರ ಬಿಪಿಯಾದರೂ ಏರುತ್ತದೆ. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಹೊಗೆಸೊಪ್ಪು ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ಕೆಳಗೆ ಜೋತುಬಿದ್ದರೆ ಅಂಕಿ ಹೆಚ್ಚು ತೋರಿಸುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಅಷ್ಟೇ. ಮಳೆಗಾಲದ ಮಡಿಕೇರಿಯಲ್ಲಿ ಸ್ವೆಟರ್ ತೆಗೆಯಿರಿ ಎನ್ನಲು ನರ್ಸ್‌ಗೂ ಸಂಕೋಚ, ತೆಗೆಯಲು ರೋಗಿಗೂ ಸಂಕೋಚ. ಆದರೆ ಸ್ವೆಟರ್‌ನ ತೋಳನ್ನು ಬಿಗಿಯಾಗಿ ಮೇಲಕ್ಕೆ ಮಡಚಿ ಅಳೆದ ಬಿಪಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಪಾಲಿಸಿದರೂ ಆಸ್ಪತ್ರೆಯೆಂದರೆ ಬಿಪಿ ಏರುವವರಿದ್ದಾರೆ. ಅದಕ್ಕಾಗಿ ಒಂದು ವಾರ ಬೆಳಿಗ್ಗೆ, ಸಂಜೆ ಎರಡೆರಡು ಬಾರಿ, ಒಂದು ನಿಮಿಷದ ಅಂತರದಲ್ಲಿ ಅಳೆದು ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. ಅದು 135/85 ಮುಟ್ಟಿದರೆ ಹೆಚ್ಚು. ಆಸ್ಪತ್ರೆಯಲ್ಲಿ ಈ ಗಡಿ 140/90. ಚೆನ್ನಾಗಿ ಬಂದ ಅಂಕಿಗಳನ್ನಷ್ಟೇ ಆರಿಸಿ ಬರೆಯಬೇಡಿ! ಮುಂದಿನ ಬಾರಿ ಯಂತ್ರವನ್ನೂ ಒಯ್ದು ಆಸ್ಪತ್ರೆಯದರೊಂದಿಗೆ ತಾಳೆ ನೋಡಿಸಿ.

ಇನ್ನು ಆ ಪ್ರಶ್ನೆಗಳು. ಆ ನರ್ಸ್ ತಮ್ಮ ಕೆಲಸ ಬಲ್ಲವರು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಹಲವು ಮಾತ್ರೆಗಳು ಬಿಪಿ ಏರಿಸುತ್ತವೆ. ಕೆಮ್ಮಿನ ಕಷಾಯಕ್ಕೆ ಹಾಕುವ ಜೇಷ್ಠಮಧು ಹೆಚ್ಚು ದಿನ ಹೊಟ್ಟೆಗೆ ಹೋದರೆ ಅದೂ ಏರಿಸುತ್ತದೆ. ಹಂದಿ ಮಾಂಸದ ಉಪ್ಪಿನಕಾಯಿಯ ಉಪ್ಪಿನ ಬಗ್ಗೆ ನಿಮಗೇ ಗೊತ್ತು. ಮನೆಯಲ್ಲೇ ತಯಾರಿಸಿದ ವೈನ್ ಕುಡಿತದ ಲೆಕ್ಕಕ್ಕೆ ಬಾರದು ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ, ಬರುತ್ತದೆ. ಸೊಸೆಯ ಎದುರು ಇದನ್ನೆಲ್ಲ ಹೇಳಲು ಹಿರಿಯರಿಗೆ ಮುಜುಗರವಾದೀತು. ಆಗ ಮನೆಯವರು ಸ್ವಲ್ಪ ಹೊತ್ತು ಹೊರಗಿರುವುದು ಒಳ್ಳೆಯದು.

ಜ್ವರದಲ್ಲಂತೂ ಈ ವಿಚಾರಣೆ ಇನ್ನೂ ಮುಖ್ಯ. ಮಳೆಯಲ್ಲಿ ಬರಿಗಾಲಿನಲ್ಲಿ ಗದ್ದೆಗೆ ಇಳಿದದ್ದನ್ನು ಹೇಳದಿದ್ದರೆ ವೈದ್ಯರಿಗೆ ಇಲಿ ಜ್ವರದ ಅನುಮಾನ ಬರುವುದು ತಡವಾಗಬಹುದು. ತೋಟಕ್ಕೆ ಕೀಟನಾಶಕ ಸಿಂಪಡಿಸಿದವರು ವಾಂತಿ, ಬೆವರು ಎಂದು ಬಂದಾಗ ನಾಡಿ ನಿಧಾನವಾಗಿದ್ದರೆ ಆ ಔಷಧಿಯ ಡಬ್ಬಿ ಯಾವುದೆಂದು ತಿಳಿಯಲೇಬೇಕು.

ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಯಂತ್ರಕ್ಕೂ ಒಂದು ಮಾತು: ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಅದು ತಪ್ಪು ತೋರಿಸಬಹುದು. ಕೈ ಉಜ್ಜಿ ಬೆಚ್ಚಗಾದ ಮೇಲೆ ನೋಡಿ.

ಅಮ್ಮ ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರಿಗೆ ತೋರಿಸಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಬಿಪಿ 180/120 ದಾಟಿ, ಜತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಅಥವಾ ಕೈಕಾಲು ಸೋಲುವುದು ಕಂಡರೆ ಮತ್ತೆ ಮತ್ತೆ ಅಳೆಯುತ್ತ ಕೂರದೆ 108ಕ್ಕೆ ಕರೆ ಮಾಡಿ.