ಬಿಸಿಲಿಗೆ ಹೋದರೆ ಕೈ ಉರಿ ಅಂತಾನೆ, ಚರ್ಮದ ಮೇಲೆ ಏನೂ ಕಾಣಲ್ಲ. ಇಪಿಪಿ ಇರುವ ಮಗುವಿನ ಲಿವರ್ ಹಾಳಾಗುತ್ತದಾ?

ಲಿವರ್ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಜಾಸ್ತಿ ಭಯ ಇರೋದು ಅದರ ಬಗ್ಗೆಯೇ. ಇಪಿಪಿ, ಅಂದರೆ ಎರಿತ್ರೋಪೊಯೆಟಿಕ್ ಪ್ರೊಟೊಪಾರ್ಫೈರಿಯಾ (ಬೆಳಕು ತಾಗಿದರೆ ಚರ್ಮ ಉರಿಯುವ, ಹುಟ್ಟಿನಿಂದ ಬರುವ ಕಾಯಿಲೆ) ಇರುವವರಲ್ಲಿ ಲಿವರ್ ಗಂಭೀರವಾಗಿ ಕೆಡುವುದು ನೂರಕ್ಕೆ ಐದಕ್ಕಿಂತ ಕಡಿಮೆ ಜನಕ್ಕೆ. ಇನ್ನು ಕೆಲವರಿಗೆ ರಿಪೋರ್ಟಿನಲ್ಲಿ ಅಲ್ಪಸ್ವಲ್ಪ ಏರುಪೇರು ಕಾಣುತ್ತದೆ, ಅಷ್ಟೇ. ನನಗೂ ಇದೇ ಕಾಯಿಲೆ, ಹುಟ್ಟಿನಿಂದ. ನಲವತ್ತರ ಹತ್ತಿರ ಬಂದಿದ್ದೇನೆ, ಲಿವರ್ ಚೆನ್ನಾಗಿದೆ. ನಾನು ಡಾಕ್ಟರ್ ಅಲ್ಲ. ಇದರ ಜೊತೆ ಬದುಕಿದವನು ಏನು ಹೇಳಬಹುದೋ ಅಷ್ಟು ಹೇಳುತ್ತೇನೆ.

ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಟು ಹಂತಗಳಲ್ಲಿ ತಯಾರಾಗುತ್ತದೆ. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ. ಕೊನೆಯ ಹಂತದಲ್ಲಿ ಪ್ರೊಟೊಪಾರ್ಫಿರಿನ್ ಅನ್ನೋ ವಸ್ತುವಿಗೆ ಕಬ್ಬಿಣ ಸೇರಬೇಕು. ಸೇರಿಸುವ ಕಿಣ್ವದ ಹೆಸರು ಫೆರೊಕೆಲಟೇಸ್. ನಿಮ್ಮ ಮಗನಿಗೂ ನನಗೂ ಅದು ಸಾಕಾಗುವಷ್ಟು ಇಲ್ಲ. ಹಾಗಾಗಿ ಪ್ರೊಟೊಪಾರ್ಫಿರಿನ್ ಕೆಂಪು ರಕ್ತಕಣದಲ್ಲಿ ಉಳಿದುಕೊಳ್ಳುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ, ಮೂತ್ರದಲ್ಲಿ ಹೋಗುವುದಿಲ್ಲ. ಹೊರಗೆ ಹೋಗಲು ಇರೋದು ಒಂದೇ ದಾರಿ: ಲಿವರ್, ಅಲ್ಲಿಂದ ಪಿತ್ತರಸ, ಆಮೇಲೆ ಮಲ. ಹೊರೆ ಮಿತಿಮೀರಿದರೆ ಅದು ಪಿತ್ತದಲ್ಲೇ ಗಟ್ಟಿಯಾಗುತ್ತದೆ. ಚಿಕ್ಕ ವಯಸ್ಸಿಗೇ ಪಿತ್ತಕೋಶದಲ್ಲಿ ಕಲ್ಲು ಆಗುವುದು, ಅಪರೂಪಕ್ಕೆ ಲಿವರ್ ಕೆಡುವುದು ಇದರಿಂದಲೇ.

ವರ್ಷಕ್ಕೊಮ್ಮೆ ಲಿವರ್ ಟೆಸ್ಟ್, ರಕ್ತದಲ್ಲಿ ಪ್ರೊಟೊಪಾರ್ಫಿರಿನ್ ಎಷ್ಟಿದೆ ಅಂತ ನೋಡುವ ಟೆಸ್ಟ್, ವಿಟಮಿನ್ ಡಿ, ಹಿಮೋಗ್ಲೋಬಿನ್ ಮಾಡಿಸಿ. ಬಿಸಿಲಿಗೆ ಹೋಗದ ಮಕ್ಕಳಿಗೆ ವಿಟಮಿನ್ ಡಿ ಹೆಚ್ಚಾಗಿ ಕಡಿಮೆ ಇರುತ್ತದೆ. ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಹಾಕಿಸಿಲ್ಲದಿದ್ದರೆ ಹಾಕಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ, ಅದನ್ನು ಡಾಕ್ಟರನ್ನು ಕೇಳದೆ ನುಂಗಿಸಬೇಡಿ. ಕಬ್ಬಿಣದಿಂದ ಕೆಲವರಿಗೆ ಉರಿ ಜಾಸ್ತಿಯಾದದ್ದಿದೆ. ದೊಡ್ಡವನಾದ ಮೇಲೆ ಕುಡಿತದ ಹತ್ತಿರ ಸುಳಿಯಬಾರದು.

ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಇನ್ನೊಂದು ಸೂಚನೆ ಇದೆ, ಇದನ್ನು ತುಂಬ ಜನ ಗಮನಿಸುವುದಿಲ್ಲ. ಇದ್ದಕ್ಕಿದ್ದಂತೆ ಮೊದಲಿಗಿಂತ ಬೇಗ, ಸ್ವಲ್ಪ ಬೆಳಕಿಗೇ ಉರಿ ಶುರುವಾದರೆ ಲಿವರ್ ಪ್ರೊಟೊಪಾರ್ಫಿರಿನ್ ಹೊರಹಾಕುವುದರಲ್ಲಿ ಸೋಲುತ್ತಿದೆ ಅಂತಲೂ ಅರ್ಥ ಇರಬಹುದು. ನಮ್ಮ ಕಡೆ ಕಾಮಾಲೆ ಅಂದ ಕೂಡಲೇ ನಾಟಿ ಔಷಧಿಗೆ ಓಡುತ್ತಾರೆ. ಈ ಮಗುವಿನ ವಿಷಯದಲ್ಲಿ ಅದು ಬೇಡವೇ ಬೇಡ. ಮುಂದೆಂದಾದರೂ ದೊಡ್ಡ ಆಪರೇಷನ್ ಬೇಕಾದರೆ ಸರ್ಜನ್‌ಗೂ ಅರಿವಳಿಕೆ ಡಾಕ್ಟರ್‌ಗೂ ಮೊದಲೇ ಹೇಳಬೇಕು. ಆಪರೇಷನ್ ಲೈಟಿಗೆ ಹಳದಿ ಫಿಲ್ಟರ್ ಹಾಕುತ್ತಾರೆ. ಲಿವರ್ ಕಸಿ ಮಾಡುವಾಗ ಆ ದೀಪದ ಬೆಳಕಿಗೇ ಒಳಗಿನ ಅಂಗಗಳು ಸುಟ್ಟ ಪ್ರಕರಣಗಳಿವೆ.

ಈಗ ನಿಮ್ಮ ಮನೆಯ ಹಿರಿಯರ ಮಾತಿಗೆ ಬರುತ್ತೇನೆ. "ನಾಟಕ ಆಡ್ತಾನೆ" ಅಂತಾರೆ ಅಂದಿರಿ. ನಮ್ಮೂರು ಬಳ್ಳಾರಿ ಕಡೆ, ಬಿಸಿಲಿಗೇ ಹೆಸರಾದ ಸೀಮೆ. ಅಲ್ಲಿ ಬಿಸಿಲು ಆಗಲ್ಲ ಅಂದರೆ ಯಾರು ನಂಬುತ್ತಾರೆ ಹೇಳಿ? ಹೊಲದಿಂದ ಬಂದ ರಾತ್ರಿ ನಾನು ಎರಡೂ ಕೈ ಬಕೆಟ್ ನೀರಲ್ಲಿ ಅದ್ದಿಕೊಂಡೇ ಕೂತಿರುತ್ತಿದ್ದೆ. ಕೈ ತೆಗೆದರೆ ಫ್ಯಾನ್ ಗಾಳಿ ತಾಗಿದರೂ ನೋವು, ಹೊದಿಕೆ ಸೋಕಿದರೂ ನೋವು. ಪ್ಯಾರಾಸಿಟಮಾಲ್ ಏನೂ ಮಾಡುವುದಿಲ್ಲ. ಅಮ್ಮ ಲಾಟೀನು ಹಿಡಿದು ನೋಡಿದರೆ ಕೈ ಸ್ವಲ್ಪ ಊದಿರುತ್ತಿತ್ತು, ಅಷ್ಟೇ. ಗುಳ್ಳೆ ಇಲ್ಲ, ಗಾಯ ಇಲ್ಲ. ನಮ್ಮಪ್ಪ ಕೆಟ್ಟವರಲ್ಲ, ಆದರೂ "ಹೊಲದ ಕೆಲಸಕ್ಕೆ ಕಳ್ಳ" ಅಂತ ಬೈಯುತ್ತಿದ್ದರು. ಒಬ್ಬ ಡಾಕ್ಟರು ಅಲರ್ಜಿ ಅಂದರು, ಇನ್ನೊಬ್ಬರು ಮನಸ್ಸಿನ ತೊಂದರೆ ಅಂದರು.

ಚರ್ಮದ ಮೇಲೆ ಹೆಚ್ಚೇನೂ ಕಾಣದೆ ಇರೋದು ಈ ಕಾಯಿಲೆಯ ಲಕ್ಷಣ. ರಕ್ತದಲ್ಲಿ ಉಳಿದ ಪ್ರೊಟೊಪಾರ್ಫಿರಿನ್‌ಗೆ ಬೆಳಕು ತಾಗಿದಾಗ ನೋವು ಚರ್ಮದೊಳಗಿನ ಸಣ್ಣ ರಕ್ತನಾಳಗಳಲ್ಲಿ ಆಗುತ್ತಿರುತ್ತದೆ. ಲಂಡನ್ನಿನ ಡಾಕ್ಟರ್ ಮ್ಯಾಗ್ನಸ್ ಮತ್ತು ಜೊತೆಗಾರರು ಇದನ್ನು ಸರಿಯಾಗಿ ವಿವರಿಸಿದ್ದು 1961ರಲ್ಲಿ. ಅದಕ್ಕೂ ಮುಂಚೆ ಎಷ್ಟು ಮಕ್ಕಳು ಒದೆ ತಿಂದಿರಬಹುದೋ! ನಿಮ್ಮ ಮಗನ ಬೆರಳಿನ ಗೆಣ್ಣುಗಳನ್ನು ಹತ್ತಿರದಿಂದ ನೋಡಿ. ಕೆಲವು ವರ್ಷ ಕಳೆದರೆ ಅಲ್ಲಿ ಚರ್ಮ ದಪ್ಪವಾಗಿ, ಮೇಣ ಹಚ್ಚಿದ ಹಾಗೆ ಕಾಣುತ್ತದೆ. ತುಟಿಯ ಸುತ್ತ ಸಣ್ಣ ಗೆರೆಗಳು, ಮೂಗಿನ ಮೇಲೆ ಚಿಕ್ಕ ಕುಳಿಗಳು ಬರುತ್ತವೆ. ನಂಬದವರಿಗೆ ನಾನು ನನ್ನ ಗೆಣ್ಣು ತೋರಿಸುತ್ತೇನೆ.

ಒಂದು ವಿಷಯ ಮನೆಯವರಿಗೆಲ್ಲ ಬಿಡಿಸಿ ಹೇಳಿ: ಇದಕ್ಕೆ ಕಾರಣ ಬಿಸಿಲಿನ ಶಾಖ ಅಲ್ಲ, ಬೆಳಕು. ಅದರಲ್ಲೂ 400ರಿಂದ 410 ನ್ಯಾನೋಮೀಟರ್ ಹತ್ತಿರದ ನೇರಳೆ-ನೀಲಿ ಬೆಳಕು. ಅದು ಕಿಟಕಿ ಗಾಜಿನ ಮೂಲಕ ಆರಾಮಾಗಿ ಒಳಗೆ ಬರುತ್ತದೆ. ಮೋಡ ಇದ್ದರೂ ಬರುತ್ತದೆ, ಬಿಳಿ ಗೋಡೆ, ಮರಳು, ಕೆರೆ ನೀರಿನಿಂದ ಹೊಮ್ಮಿಯೂ ಬರುತ್ತದೆ. ಅಂಗಡಿಯ ಮಾಮೂಲಿ ಸನ್‌ಸ್ಕ್ರೀನ್ ಅತಿನೇರಳೆ ಕಿರಣಕ್ಕೆ ಮಾಡಿದ್ದು, ಎಸ್‌ಪಿಎಫ್ 50 ಇದ್ದರೂ ನಮಗೆ ಹೆಚ್ಚು ಉಪಯೋಗ ಇಲ್ಲ. ಜಿಂಕ್ ಆಕ್ಸೈಡ್, ಐರನ್ ಆಕ್ಸೈಡ್ ಇರುವ, ಮುಖಕ್ಕೆ ಬಣ್ಣ ಬಳಿದ ಹಾಗೆ ದಪ್ಪಗೆ ಕೂರುವ ಕ್ರೀಮ್ ಸ್ವಲ್ಪ ಕಾಪಾಡುತ್ತದೆ. ಬಟ್ಟೆ ಎಲ್ಲಕ್ಕಿಂತ ಉತ್ತಮ. ತುಂಬು ತೋಳಿನ ಶರ್ಟ್, ಅಗಲ ಅಂಚಿನ ಟೋಪಿ, ಕೈಗೆ ಗ್ಲೌಸ್. ಬೆಂಗಳೂರಲ್ಲಿ ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳು ಮೊಣಕೈವರೆಗೆ ಗ್ಲೌಸ್ ಹಾಕಿಕೊಂಡು ಮುಖಕ್ಕೆ ದುಪಟ್ಟಾ ಸುತ್ತಿಕೊಳ್ಳುತ್ತಾರಲ್ಲ, ಅವರ ಪುಣ್ಯ, ಈಗ ನನ್ನನ್ನು ಯಾರೂ ತಿರುಗಿ ನೋಡುವುದಿಲ್ಲ.

ಶಾಲೆಗೆ ಖಂಡಿತ ಕಳಿಸಿ. ಡಾಕ್ಟರ ಪತ್ರ ತೆಗೆದುಕೊಂಡು ಹೆಡ್‌ಮಾಸ್ಟರ್ ಹತ್ತಿರ ನೀವೇ ಹೋಗಿ ಮಾತಾಡಿ. ಬೆಳಗಿನ ಪ್ರಾರ್ಥನೆಗೆ ವರಾಂಡದಲ್ಲಿ ನಿಲ್ಲಲಿ. ಕ್ಲಾಸಲ್ಲಿ ಕಿಟಕಿ ಪಕ್ಕದ ಜಾಗ ಬೇಡ. ಪಿಟಿ ಪೀರಿಯಡ್‌ನಲ್ಲಿ ಒಳಗೆ ಕೇರಂ ಆಡಲಿ. ಆಗಸ್ಟ್ 15ರ ಪರೇಡಿಗೆ ನಿಲ್ಲಿಸಲೇಬೇಡಿ. ಮಗನಿಗೆ ಕಲಿಸಬೇಕಾದ್ದು ಒಂದೇ: ಕೈ ಚುರುಚುರು ಅಂದ ತಕ್ಷಣ ಯಾರನ್ನೂ ಕೇಳದೆ ಒಳಗೆ ಬಾ. ಆ ಚುರುಚುರು ನಿಲ್ಲುವ ಮುಂಚೆ ಮತ್ತೆ ಹೊರಗೆ ಹೋದರೆ ಕೆಲಸ ಕೆಟ್ಟಿತು. ಒಂದು ದಿನ ಬೆಳಕು ಜಾಸ್ತಿ ತಿಂದರೆ ಮರುದಿನ ತಡೆಯುವ ಶಕ್ತಿ ಇನ್ನೂ ಕಡಿಮೆ ಇರುತ್ತದೆ. "ನಿನ್ನೆ ಅರ್ಧ ಗಂಟೆ ಆಡಿದ್ಯಲ್ಲಾ, ಇವತ್ತೇನು?" ಅಂತ ಕೇಳುವ ಟೀಚರ್‌ಗೆ ಇದು ಗೊತ್ತಿರಬೇಕು.

ಟೆಸ್ಟ್ ಬಗ್ಗೆ ಒಂದು ಮಾತು. ಪಾರ್ಫೈರಿಯಾ ಅನ್ನೋದು ಇಪಿಪಿಯೂ ಸೇರಿದ ಒಂದು ಗುಂಪು ಕಾಯಿಲೆಗಳ ಹೆಸರು. ಬರೀ ಮೂತ್ರ ಪರೀಕ್ಷೆ ಮಾಡಿ "ಪಾರ್ಫೈರಿಯಾ ಇಲ್ಲ" ಅಂದರೆ ಒಪ್ಪಬೇಡಿ, ಇಪಿಪಿಯಲ್ಲಿ ಮೂತ್ರ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ರಕ್ತದ್ದೇ ಆಗಬೇಕು, ತೆಗೆದ ರಕ್ತದ ಟ್ಯೂಬನ್ನು ಬೆಳಕು ಬೀಳದಂತೆ ಫಾಯಿಲ್‌ನಲ್ಲಿ ಸುತ್ತಬೇಕು. ಲ್ಯಾಬಿನವರು ಮರೆತರೆ ನೀವು ನೆನಪಿಸಿ. ಹಾಗೆಯೇ, ಪಾರ್ಫೈರಿಯಾ ಅಂತ ಹುಡುಕಿದರೆ ಈ ಮಾತ್ರೆ ತಿನ್ನಬಾರದು ಅನ್ನುವ ಉದ್ದ ಪಟ್ಟಿಗಳು ಸಿಗುತ್ತವೆ. ಅವು ಹೊಟ್ಟೆನೋವು ಬರುವ ಬೇರೆ ಜಾತಿಯ ಪಾರ್ಫೈರಿಯಾಗೆ ಸೇರಿದ್ದು. ಪಾರ್ಫೈರಿಯಾ ಇರುವವರೇ ರಕ್ತಪಿಶಾಚಿಗಳು ಅನ್ನುವ ಕಥೆಗಳೂ ಸಿಗುತ್ತವೆ, ಅವನ್ನು ಓದಬೇಡಿ.

ಔಷಧಿ ಇದೆಯಾ ಅಂದರೆ, ಅಫಮೆಲನೊಟೈಡ್ ಅಂತ ಒಂದಿದೆ. ಅಕ್ಕಿ ಕಾಳಿನಷ್ಟು ದೊಡ್ಡ ಕಡ್ಡಿ, ಎರಡು ತಿಂಗಳಿಗೊಮ್ಮೆ ಸೊಂಟದ ಹತ್ತಿರ ಚರ್ಮದಡಿ ಇಡುತ್ತಾರೆ. ಚರ್ಮದಲ್ಲಿ ಮೆಲನಿನ್ ಹೆಚ್ಚಿಸಿ ಬೆಳಕನ್ನು ತಡೆಯುತ್ತದೆ. ಯುರೋಪಿನಲ್ಲಿ 2014ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು, ಅದೂ ದೊಡ್ಡವರಿಗೆ. ನಿಮ್ಮ ಮಗನಿಗೆ ಸದ್ಯಕ್ಕೆ ಟೋಪಿ ಗ್ಲೌಸೇ ಗತಿ.

ಇನ್ನೊಂದು ಮಗುವಿಗೂ ಬರುತ್ತಾ ಅಂತ ಕೇಳಿದ್ದೀರಿ, ಯಾರ ಕಡೆಯಿಂದ ಬಂತು ಅಂತ ಮನೆಯಲ್ಲಿ ಜಗಳ ಆಗುತ್ತಿದೆ ಅಂತಲೂ ಬರೆದಿದ್ದೀರಿ. ಬಹಳಷ್ಟು ಮನೆಗಳಲ್ಲಿ ಇದು ಇಬ್ಬರ ಕಡೆಯಿಂದಲೂ ಬಂದಿರುತ್ತದೆ. ಒಬ್ಬರಿಂದ ಪೂರ್ತಿ ಕೆಟ್ಟ ಜೀನ್, ಇನ್ನೊಬ್ಬರಿಂದ ಸ್ವಲ್ಪ ದುರ್ಬಲವಾದ ಜೀನ್. ಎರಡನೆಯದು ಎಷ್ಟೋ ಆರೋಗ್ಯವಂತರಲ್ಲಿ ಇರುವಂಥದ್ದೇ, ಅದೊಂದರಿಂದಲೇ ಏನೂ ಆಗುವುದಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಬಿಸಿಲಿನ ತೊಂದರೆ ಇಲ್ಲದೆ ಮಗುವಿಗೆ ಬರೋದು ಹೀಗೆ. ಇಂಥ ಜೋಡಿಯಲ್ಲಿ ಮುಂದಿನ ಮಗುವಿಗೆ ಬರುವ ಸಾಧ್ಯತೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವ ಬೇರೆ ಬಗೆಯೂ ಇದೆ, ಅದರ ಲೆಕ್ಕವೇ ಬೇರೆ. ಹಾಗಾಗಿ ಮಗನ ಜೀನ್ ಟೆಸ್ಟ್ ಮಾಡಿಸಿ, ರಿಪೋರ್ಟ್ ಹಿಡಿದುಕೊಂಡು ಗಂಡ ಹೆಂಡತಿ ಇಬ್ಬರೂ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ವಿಚಾರಿಸಬಹುದು. ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ನೀವು ಹೇಳಿದರೆ ಸೊಸೆಯ ಮಾತು, ಡಾಕ್ಟರ್ ಹೇಳಿದರೆ ಕೇಳುತ್ತಾರೆ.