ಮೆಲ್ಬರ್ನ್ ಲಾಕ್‌ಡೌನ್ ಮತ್ತು ನಮ್ಮ ಗುಂಪುಗಳು: ಹೊಸದಾಗಿ ಹೊರಟಿರುವವರೊಬ್ಬರಿಗೆ ಉತ್ತರ

ನಮಸ್ಕಾರ.

ಮುಂದಿನ ಫೆಬ್ರವರಿಯಲ್ಲಿ ಓದಿಗಾಗಿ ದಾವಣಗೆರೆಯಿಂದ ಮೆಲ್ಬರ್ನ್‌ಗೆ ಬರಲಿರುವ ನೀವು ಕೇಳಿದ್ದ ಪ್ರಶ್ನೆಗಳಲ್ಲಿ ಬಾಡಿಗೆ, ರೈಲು, ಅಡುಗೆ ಸಾಮಾನುಗಳ ವಿಚಾರಕ್ಕೆ ಬೇರೆಯವರು ಆಗಲೇ ಉತ್ತರ ಕೊಟ್ಟಿದ್ದಾರೆ. ಉಳಿದಿರುವುದು ಇದು: "ಕೊರೊನಾ ಕಾಲದಲ್ಲಿ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡಿದ್ದ ಊರು ನಿಮ್ಮದು. ಆಗ ವಾಟ್ಸಾಪ್ ಗುಂಪುಗಳಿಂದ, ಜೂಮ್ ಕೂಟಗಳಿಂದ ನಿಜಕ್ಕೂ ಆಸರೆ ಸಿಕ್ಕಿತೇ, ಅಥವಾ ಅದೆಲ್ಲ ಬರೀ ಗುಡ್ ಮಾರ್ನಿಂಗ್ ಚಿತ್ರಗಳ ವ್ಯವಹಾರವೇ? ನನ್ನದು ಮಾತು ಕಡಿಮೆಯ ಸ್ವಭಾವ, ಬಂದ ಕೂಡಲೇ ಗುಂಪು ಸೇರಲೇಬೇಕೇ? ಮತ್ತೆ ಅಂಥದ್ದೇ ಬಂದರೆ ಒಬ್ಬಳೇ ಏನು ಮಾಡುತ್ತೀಯೆ ಎಂದು ಅಮ್ಮ ದಿನವೂ ಕೇಳುತ್ತಾರೆ, ಅವರಿಗೇನು ಹೇಳಲಿ?"

ಆಸರೆ ಸಿಕ್ಕಿದ್ದು ನಿಜ. ಆದರೆ ಎಲ್ಲ ಗುಂಪಿನಿಂದಲೂ ಸಿಗಲಿಲ್ಲ, ಎಲ್ಲರಿಗೂ ಒಂದೇ ಬಗೆಯಲ್ಲಿ ಸಿಗಲಿಲ್ಲ. ಲಾಕ್‌ಡೌನಿಗೆ ಮೊದಲೇ ಒಬ್ಬರ ಮನೆಯಲ್ಲೊಬ್ಬರು ಊಟ ಮಾಡಿದ್ದವರಿಗೆ ಪರದೆಯ ಮೇಲಿನ ನಂಟು ಗಟ್ಟಿಯಾಗಿ ನಿಂತಿತು. ಸಂಖ್ಯೆ ಸೇರಿಸಿಕೊಂಡು ಸುಮ್ಮನಿದ್ದವರಿಗೆ ಅದು ಸುದ್ದಿಯ ಮೂಲವಾಯಿತೇ ಹೊರತು ಆಸರೆಯಾಗಲಿಲ್ಲ.

ಆ ದಿನಗಳ ಕಟ್ಟುಪಾಡು ಎಂಥದ್ದೆಂದು ನಿಮಗೆ ಸ್ವಲ್ಪ ಅಂದಾಜಿದ್ದರೆ ಮುಂದಿನ ಮಾತು ಅರ್ಥವಾಗುತ್ತದೆ. 2020ರ ಮಾರ್ಚ್ ಕೊನೆಯಿಂದ 2021ರ ಅಕ್ಟೋಬರ್ 21ರವರೆಗೆ ಆರು ಕಂತುಗಳಲ್ಲಿ ಒಟ್ಟು 262 ದಿನ ಮೆಲ್ಬರ್ನ್ ಮುಚ್ಚಿತ್ತು. ಅವುಗಳಲ್ಲಿ ಎರಡನೆಯದೇ, ಅಂದರೆ 2020ರ ಜುಲೈನಿಂದ ಅಕ್ಟೋಬರ್ ಕೊನೆಯವರೆಗಿನದು, ಅತ್ಯಂತ ಕಠಿಣವಾದದ್ದು. ಆಗಸ್ಟ್ 2ರಿಂದ ರಾತ್ರಿ 8ರಿಂದ ಬೆಳಗಿನ 5ರವರೆಗೆ ಕರ್ಫ್ಯೂ. ಸಾಮಾನು ತರುವುದಕ್ಕೂ ನಡೆದಾಡುವುದಕ್ಕೂ ಮನೆಯಿಂದ 5 ಕಿಲೋಮೀಟರ್ ಆಚೆ ಹೋಗುವಂತಿರಲಿಲ್ಲ. ನಡಿಗೆಗೆ ದಿನಕ್ಕೆ 1 ಗಂಟೆ, ಅಂಗಡಿಗೆ ಮನೆಯಿಂದ ಒಬ್ಬರು, ದಿನಕ್ಕೊಮ್ಮೆ. ಬೇರೆಯವರ ಮನೆಯೊಳಗೆ ಕಾಲಿಡುವ ಮಾತೇ ಇರಲಿಲ್ಲ. ಊರಿನಲ್ಲಿ ಹಿರಿಯರು ತೀರಿಕೊಂಡರೂ ದೇಶ ಬಿಟ್ಟು ಹೊರಡಲು ಸರ್ಕಾರಕ್ಕೆ ಅರ್ಜಿ ಹಾಕಿ ವಿನಾಯಿತಿ ಪಡೆಯಬೇಕಿತ್ತು. ಅದು ಸಿಕ್ಕರೂ ಮರಳಿ ಬರಲು ವಿಮಾನದಲ್ಲಿ ಸೀಟು ಸಿಗುವ ಖಾತ್ರಿ ಇರಲಿಲ್ಲ. ಬಂದಿಳಿದ ಮೇಲೆ ಹದಿನಾಲ್ಕು ದಿನ ಹೋಟೆಲಿನಲ್ಲಿ ಕ್ವಾರಂಟೈನ್. ಬಾಗಿಲ ಹೊರಗೂ ಗಡಿ, ದೇಶದ ಹೊರಗೂ ಗಡಿ ಎಂಬಂಥ ಸ್ಥಿತಿಯಲ್ಲಿ ಫೋನು ಒಂದೇ ಉಳಿದಿತ್ತು.

ಮೊದಲು ದೊಡ್ಡ ಗುಂಪುಗಳ ವಿಚಾರ. ಆಗ ವಾಟ್ಸಾಪಿನಲ್ಲಿ ಒಂದು ಗುಂಪಿಗೆ 256 ಜನರ ಮಿತಿ ಇತ್ತು. ಟಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್ ಕಡೆಯ ನಮ್ಮ ಬಡಾವಣೆಗಳಲ್ಲಿ ಕನ್ನಡಿಗರ ಸಂಖ್ಯೆ ಹೆಚ್ಚಿದ್ದರಿಂದ ಒಂದು ತುಂಬಿ ಎರಡನೆಯದನ್ನು ತೆರೆಯಬೇಕಾಗಿತ್ತು. ನೀವು ಹೇಳುವ ಗುಡ್ ಮಾರ್ನಿಂಗ್ ಚಿತ್ರಗಳೂ ಕಷಾಯದ ಮಹಿಮೆಯೂ ಅಲ್ಲಿ ಧಾರಾಳವಾಗಿ ಹರಿದವು, ಸುಳ್ಳು ಹೇಳುವುದಿಲ್ಲ. ಆದರೂ ನಾನು ಆ ಗುಂಪುಗಳನ್ನು ಹಗುರವಾಗಿ ಕಾಣಲಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಬಂದಿದ್ದ ಎಷ್ಟೋ ತಂದೆತಾಯಿಗಳು 2020ರ ಮಾರ್ಚಿನಲ್ಲಿ ಭಾರತ ವಿಮಾನಗಳನ್ನು ನಿಲ್ಲಿಸಿದಾಗ ಇಲ್ಲಿಯೇ ಸಿಕ್ಕಿಕೊಂಡರು. ಅವರ ವೀಸಾದ ಅವಧಿ ಮುಗಿಯುತ್ತಿತ್ತು. ಹಲವರ ವೀಸಾದ ಮೇಲೆ ಇಲ್ಲಿದ್ದುಕೊಂಡೇ ಮುಂದುವರಿಸಲು ಬಿಡದ 8503 ಎಂಬ ಷರತ್ತಿತ್ತು. ಮೊದಲು ಅದನ್ನು ಮನ್ನಾ ಮಾಡಿಸಿಕೊಳ್ಳಬೇಕು, ಆಮೇಲೆ ಹೊಸ ಅರ್ಜಿ ಹಾಕಬೇಕು, ಅದರ ಮೇಲೆ ಬ್ರಿಜಿಂಗ್ ವೀಸಾ, ಅಂದರೆ ತೀರ್ಮಾನ ಬರುವವರೆಗೆ ಇಲ್ಲಿರಲು ಬಿಡುವ ತಾತ್ಕಾಲಿಕ ವೀಸಾ, ಸಿಗುತ್ತದೆ ಎಂಬ ಕ್ರಮವನ್ನು ಒಬ್ಬರು ಮಾಡಿ ತಿಳಿದು ಇನ್ನೊಬ್ಬರಿಗೆ ತಿಳಿಸಿದ್ದು ಆ ದೊಡ್ಡ ಗುಂಪುಗಳಲ್ಲಿಯೇ.

ಅದಕ್ಕಿಂತ ತುರ್ತಾಗಿದ್ದದ್ದು ಬಿಪಿ, ಶುಗರ್ ಗುಳಿಗೆಗಳ ಸಮಸ್ಯೆ. ಮೂರು ತಿಂಗಳಿಗೆಂದು ಊರಿನಿಂದ ತಂದದ್ದು ಮುಗಿದಿತ್ತು. ಪ್ರವಾಸಿ ವೀಸಾದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಇಲ್ಲ. ನಮ್ಮ ಗುಳಿಗೆಪಟ್ಟಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಕಂಪನಿಯ ಹೆಸರು ಇಲ್ಲಿನ ಫಾರ್ಮಸಿಯವರಿಗೆ ತಿಳಿಯುವುದಿಲ್ಲ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿರುವ ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಎಂಬ ಔಷಧದ ಹೆಸರನ್ನೂ ಎಷ್ಟು ಮಿಲಿಗ್ರಾಂ ಎಂಬುದನ್ನೂ ಓದಿ ಹೇಳಿದರೆ ಜಿಪಿ, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯರು, ಫೋನಿನಲ್ಲಿಯೇ ವಿಚಾರಿಸಿ ಚೀಟಿ ಬರೆದುಕೊಡುತ್ತಿದ್ದರು. ಗುಂಪಿನಲ್ಲಿದ್ದ ಕನ್ನಡದ ವೈದ್ಯರೊಬ್ಬರು ಗುಳಿಗೆಪಟ್ಟಿಯ ಎರಡೂ ಬದಿಯ ಫೋಟೋ ಕಳಿಸಿ ಎಂದು ಎಲ್ಲರಿಗೂ ತಿಳಿಸಿ, ತಮ್ಮ ಕೆಲಸ ಮುಗಿದ ಮೇಲೆ ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದರು. ಇಂಥ ಕೆಲಸಕ್ಕೆ ಇನ್ನೂರು ಜನರ ಗುಂಪೇ ಬೇಕು, ಹತ್ತು ಜನರಲ್ಲಿ ಎಲ್ಲ ವಿಷಯ ಬಲ್ಲವರು ಇರುವುದಿಲ್ಲ.

ಮನಸ್ಸಿನ ಮಾತಿಗೆ ಮಾತ್ರ ದೊಡ್ಡ ಗುಂಪು ಕೆಲಸಕ್ಕೆ ಬರಲಿಲ್ಲ. "ತುಂಬಾ ಬೇಸರವಾಗುತ್ತಿದೆ" ಎಂದು ಯಾರಾದರೂ ಬರೆದರೆ ಕೆಳಗೆ ಮೂವತ್ತು ಕೈಮುಗಿಯುವ ಚಿತ್ರಗಳು ಬಂದು ಬೀಳುತ್ತಿದ್ದವು, ಒಬ್ಬರೂ ಫೋನು ಮಾಡುತ್ತಿರಲಿಲ್ಲ. ಫೋನು ಬಂದದ್ದು ಸಣ್ಣ ಗುಂಪುಗಳಿಂದ. ನಮ್ಮದು ಹತ್ತು ಹನ್ನೆರಡು ಮನೆಗಳ ಕೂಟ, ಅದಕ್ಕೆ ಹೆಸರೂ ಇರಲಿಲ್ಲ. ಬುಧವಾರ ಮತ್ತು ಶನಿವಾರ ಸಂಜೆ ಏಳೂವರೆಗೆ ಜೂಮ್ ತೆರೆಯುತ್ತಿತ್ತು. ಆಗ ಕರ್ನಾಟಕದಲ್ಲಿ ಮಧ್ಯಾಹ್ನ ಮೂರು ಗಂಟೆ, ಹಾಗಾಗಿ ಊರಿನ ಅಕ್ಕತಂಗಿಯರೂ ಊಟ ಮುಗಿಸಿ ಬಂದು ಸೇರಿಕೊಳ್ಳುತ್ತಿದ್ದರು. ಭಾಷಣವಿಲ್ಲ, ಕಾರ್ಯಕ್ರಮವಿಲ್ಲ, ಮೊದಲಿಗೆ ಹಾಜರಿ ಮಾತ್ರ. ಕೂಟ ನಡೆಸುತ್ತಿದ್ದ ಹಿರಿಯರು ಒಂದೊಂದು ಮನೆಯ ಹೆಸರು ಹಿಡಿದು ಕರೆಯುತ್ತಿದ್ದರು. ಇವತ್ತೇನು ಅಡುಗೆ, ಹೊರಗೆ ನಡೆದು ಬಂದಿರಾ, ನಿದ್ದೆ ಹೇಗಿದೆ ಎಂಬ ಮೂರು ಪ್ರಶ್ನೆಗೆ ಪ್ರತಿಯೊಬ್ಬರೂ ಉತ್ತರಿಸಲೇಬೇಕು. ಸಾರಿಗೆ ಒಗ್ಗರಣೆ ಹಾಕುತ್ತಲೇ ಫೋನನ್ನು ಮಸಾಲೆ ಡಬ್ಬಿಗೆ ಒರಗಿಸಿದವರ ಚೌಕದಲ್ಲಿ ಮುಖದ ಬದಲು ಚಾವಣಿಯ ದೀಪವೂ ಹೊಗೆ ಎಳೆಯುವ ಫ್ಯಾನಿನ ಸದ್ದೂ ಇರುತ್ತಿತ್ತು. ಯಾವ ಮನೆಯವರಾದರೂ ಸತತ ಎರಡು ಸಲ ಕಾಣಿಸದಿದ್ದರೆ, ಅವರಿಂದ ಐದು ಕಿಲೋಮೀಟರ್ ಒಳಗಿರುವವರು ತಮ್ಮ ಒಂದು ಗಂಟೆಯ ನಡಿಗೆಯನ್ನು ಆ ದಿಕ್ಕಿಗೆ ತಿರುಗಿಸಿ, ಬಾಗಿಲ ಮುಂದೆ ಒಂದು ಡಬ್ಬಿ ಚಿತ್ರಾನ್ನವನ್ನೋ ಕರಿಬೇವಿನ ಕಟ್ಟನ್ನೋ ಇಟ್ಟು ಬೆಲ್ ಒತ್ತಿ ದೂರ ನಿಲ್ಲುತ್ತಿದ್ದರು. ಯಾರು ಯಾರ ಐದು ಕಿಲೋಮೀಟರಿನೊಳಗೆ ಬರುತ್ತಾರೆಂದು ನಕ್ಷೆಯ ಮೇಲೆ ವೃತ್ತಗಳನ್ನು ಎಳೆದುಕೊಟ್ಟವರು ಸಾಫ್ಟ್‌ವೇರಿನ ಒಬ್ಬ ಹುಡುಗ. ಸೆಪ್ಟೆಂಬರ್ ಮಧ್ಯದಲ್ಲಿ ಒಂಟಿಯಾಗಿರುವವರು ಯಾರಾದರೂ ಒಬ್ಬರನ್ನು ಆರಿಸಿಕೊಂಡು ಮನೆಯಲ್ಲಿ ಭೇಟಿಯಾಗಬಹುದೆಂದು ಸರ್ಕಾರ ಸಡಿಲಿಸಿದಾಗ ಮೊದಲು ಕೆಲಸಕ್ಕೆ ಬಂದದ್ದು ಅದೇ ನಕ್ಷೆ.

ಜೂಮಿನ ಬಿಟ್ಟಿ ಖಾತೆಯಲ್ಲಿ ಕೂಟ 40 ನಿಮಿಷಕ್ಕೆ ತಾನಾಗಿಯೇ ಕಡಿದುಹೋಗುತ್ತಿತ್ತು. ಹಣ ಕಟ್ಟೋಣವೆಂದು ಕೆಲವರೆಂದರು. ಕಟ್ಟದಿದ್ದದ್ದೇ ಒಳ್ಳೆಯದಾಯಿತೆಂದು ಈಗ ನನಗನ್ನಿಸುತ್ತದೆ. ಮೊದಲ ನಲವತ್ತು ನಿಮಿಷ ಅಡುಗೆ, ಅಂದಿನ ಪ್ರಕರಣಗಳ ಸಂಖ್ಯೆ, ನಮ್ಮ ವಿಕ್ಟೋರಿಯಾ ರಾಜ್ಯದ ಆಗಿನ ಪ್ರೀಮಿಯರ್ (ಮುಖ್ಯಮಂತ್ರಿ) ಡೇನಿಯಲ್ ಆಂಡ್ರೂಸ್ ಅವರ ಪತ್ರಿಕಾಗೋಷ್ಠಿಯ ವಿಮರ್ಶೆ, ಅವರ ಪರ ವಿರೋಧದ ಜಗಳ ಇವುಗಳಲ್ಲಿ ಕಳೆಯುತ್ತಿತ್ತು. ಕಡಿದ ಮೇಲೆ ಎರಡನೆಯ ಕೊಂಡಿಗೆ ಮರಳಿ ಬರುತ್ತಿದ್ದವರು ನಾಲ್ಕೈದು ಮಂದಿ, ನಿಜವಾಗಿ ಹೇಳಿಕೊಳ್ಳುವುದು ಇದ್ದವರು. ಕೆಲಸ ಹೋದದ್ದು, ಗಂಡಹೆಂಡಿರ ಮಾತು ನಿಂತದ್ದು, ತಂದೆಯ ಅಂತ್ಯಕ್ರಿಯೆಯನ್ನು ತಮ್ಮನ ಫೋನಿನಲ್ಲಿ ನೋಡಿದ್ದು, ಇವೆಲ್ಲ ಹೊರಗೆ ಬಂದದ್ದು ಅಲ್ಲಿ.

ನೀವು ವಿದ್ಯಾರ್ಥಿಯಾಗಿ ಬರುತ್ತಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವ್ಯವಹಾರ ಕುಸಿದ ಸಂಸ್ಥೆಗಳ ನೌಕರರ ಸಂಬಳಕ್ಕೆಂದು ಇಲ್ಲಿನ ಕೇಂದ್ರ ಸರ್ಕಾರ ಜಾಬ್‌ಕೀಪರ್ ಎಂಬ ಹೆಸರಿನಲ್ಲಿ ಹದಿನೈದು ದಿನಕ್ಕೆ 1,500 ಡಾಲರ್ ಕೊಟ್ಟಿತು, ಆದರೆ ವಿದ್ಯಾರ್ಥಿ ವೀಸಾದವರಿಗೆ ಅದು ಇರಲಿಲ್ಲ. ತಮ್ಮನ್ನು ತಾವು ನೋಡಿಕೊಳ್ಳಲಾಗದ ಪ್ರವಾಸಿಗಳೂ ವಿದ್ಯಾರ್ಥಿಗಳೂ ಊರಿಗೆ ಮರಳಲಿ ಎಂಬ ಅರ್ಥದ ಮಾತನ್ನು 2020ರ ಏಪ್ರಿಲ್ ಮೊದಲ ವಾರ ಪ್ರಧಾನಿ ಸ್ಕಾಟ್ ಮಾರಿಸನ್ ಆಡಿದಾಗ ಭಾರತಕ್ಕೆ ವಿಮಾನವೇ ಇರಲಿಲ್ಲ. ಹೋಟೆಲು, ಕೆಫೆಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಕೈ ಒಮ್ಮೆಲೇ ಬರಿದಾಯಿತು. ವಿಕ್ಟೋರಿಯಾ ರಾಜ್ಯ ಸರ್ಕಾರ ವಿಶ್ವವಿದ್ಯಾಲಯಗಳೊಡನೆ ಸೇರಿ 1,100 ಡಾಲರ್‌ವರೆಗಿನ ಒಂದು ಸಲದ ನೆರವನ್ನು ಘೋಷಿಸಿತು. ಸಿಖ್ ವಾಲಂಟಿಯರ್ಸ್ ಆಸ್ಟ್ರೇಲಿಯಾದವರು ವ್ಯಾನಿನಲ್ಲಿ ಬಿಸಿಯೂಟ ತಂದು ಹಂಚಿದರು, ಜಾತಿ ಊರು ಕೇಳಲಿಲ್ಲ. ಈ ಎರಡು ಸಂಗತಿಗಳೂ ದೊಡ್ಡ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಆದರೂ ಉಪವಾಸವಿದ್ದ ನಮ್ಮ ಹುಡುಗರು ಅಲ್ಲಿ ಬಾಯಿ ಬಿಡಲಿಲ್ಲ. ಇನ್ನೂರು ಜನರೆದುರು, ಅದರಲ್ಲೂ ನಾಳೆ ಕೆಲಸಕ್ಕೆ ಶಿಫಾರಸು ಮಾಡಬಹುದಾದವರೆದುರು, ಅಕ್ಕಿಗೆ ದುಡ್ಡಿಲ್ಲ ಎಂದು ಬರೆಯಲು ಯಾರಿಗೆ ಮನಸ್ಸು ಬರುತ್ತದೆ? ಕೊನೆಗೆ ಗುಂಪಿನ ಅಡ್ಮಿನ್ ಒಬ್ಬರು ಉಪಾಯ ಮಾಡಿದರು: ಬೇಕು ಎನ್ನುವವರು ಗುಂಪಿನಲ್ಲಿ ಬರೆಯದೆ ಅವರಿಗೊಬ್ಬರಿಗೇ ಒಂದು ಚುಕ್ಕಿ ಕಳಿಸಿದರೆ ಸಾಕು, ಹೆಸರು ಹೊರಗೆ ಬರುವುದಿಲ್ಲ. ಸಾಮಾನಿನ ಚೀಲ ಹೋಗಿ ಮುಟ್ಟುತ್ತಿತ್ತು, ಯಾರಿಗೆ ಹೋಯಿತೆಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ.

ಹಬ್ಬಗಳ ಆನ್‌ಲೈನ್ ಕಾರ್ಯಕ್ರಮಗಳ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. 2020ರ ಗಣೇಶ ಚೌತಿಗೆ ಕರ್ಫ್ಯೂ ಇತ್ತು, ಆರತಿಯನ್ನು ಎಲ್ಲರೂ ತೆರೆಯ ಮೇಲೆ ನೋಡಿದೆವು. ಅದಕ್ಕೆ ಮೊದಲು ಮುಖ್ಯ ಅತಿಥಿಗಳ ಭಾಷಣಗಳು ಸಭಾಂಗಣದಲ್ಲಿ ಎಷ್ಟು ಉದ್ದವೋ ಅಷ್ಟೇ ಉದ್ದ ಇದ್ದವು. ಮಕ್ಕಳ ಭಾನುವಾರದ ಕನ್ನಡ ಪಾಠ ಮಾತ್ರ ಪರವಾಗಿಲ್ಲ ಎನ್ನುವಂತೆ ನಡೆಯಿತು, ಏಕೆಂದರೆ ಊರಿನ ಅಜ್ಜಿಯರೇ ಬಂದು ಕಥೆ ಹೇಳತೊಡಗಿದ್ದರು.

ಆನ್‌ಲೈನ್ ಕೂಟದಿಂದ ಏನು ಸಾಧ್ಯವೆಂದು ನಾನು ಕಂಡದ್ದು ಮೆಲ್ಬರ್ನ್ ಮುಚ್ಚಿದ್ದಾಗ ಅಲ್ಲ, ತೆರೆದಿದ್ದಾಗ. 2021ರ ಏಪ್ರಿಲ್ 25ರಂದು ಎಂಸಿಜಿ ಮೈದಾನದಲ್ಲಿ ಫುಟ್ಬಾಲ್ ಪಂದ್ಯಕ್ಕೆ 78 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅದೇ ವಾರ ಬೆಂಗಳೂರಿನಲ್ಲಿ ಹಾಸಿಗೆ, ಆಮ್ಲಜನಕ, ರೆಮ್‌ಡೆಸಿವಿರ್‌ಗಾಗಿ ಜನ ಬೀದಿಬೀದಿ ಅಲೆಯುತ್ತಿದ್ದರು. ಮರುವಾರ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ತೀರಿಕೊಂಡ ಸುದ್ದಿ ಬಂತು. ಭಾರತದಿಂದ ಬರುವ ವಿಮಾನಗಳನ್ನು ಆಸ್ಟ್ರೇಲಿಯಾ ನಿಲ್ಲಿಸಿತ್ತು. ಮೇ 3ರಿಂದ 15ರವರೆಗೆ ಅಲ್ಲಿಂದ ಬರುವ ಸ್ವಂತ ಪ್ರಜೆಗಳಿಗೂ ಜೈಲು, ದಂಡದ ಬೆದರಿಕೆ ಇತ್ತು. ಹೋಗುವಂತಿಲ್ಲ, ಕರೆಸುವಂತಿಲ್ಲ. ನಮ್ಮಲ್ಲಿ ಬೆಳಗಿನ ಆರು ಎಂದರೆ ಬೆಂಗಳೂರಿನಲ್ಲಿ ರಾತ್ರಿ ಒಂದೂವರೆ. ಅಲ್ಲಿ ದಿನವಿಡೀ ಓಡಾಡಿ ಸೋತ ಸ್ವಯಂಸೇವಕರು ಮಲಗುವ ಹೊತ್ತಿಗೆ ಇಲ್ಲಿ ಎದ್ದವರು ಪಟ್ಟಿಯನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ಹರಿದು ಬಂದ ಆಸ್ಪತ್ರೆ ಸಂಖ್ಯೆಗಳಿಗೆ ಒಂದೊಂದಾಗಿ ಕರೆ ಮಾಡಿ, ಎತ್ತಿದರೋ ಇಲ್ಲವೋ, ಹಾಸಿಗೆ ಇದೆಯೋ, ಬಿಯು ನಂಬರ್ (ಬೆಂಗಳೂರಿನ ಸೋಂಕಿತರಿಗೆ ಕೊಡುತ್ತಿದ್ದ ಗುರುತಿನ ಸಂಖ್ಯೆ) ಇಲ್ಲದೆ ಒಳಗೆ ಬಿಡುತ್ತಾರೋ ಎಂದು ಬರೆದು ಪಕ್ಕದಲ್ಲಿ ಗಂಟೆ ನಮೂದಿಸುವುದು, ಎರಡು ಗಂಟೆಗಿಂತ ಹಳೆಯದಾದ ಸಾಲನ್ನು ಅಳಿಸುವುದು. ಇಷ್ಟೇ ಕೆಲಸ. ಈ ಕೆಲಸವನ್ನು ಹೊತ್ತವರು ಹಿಂದಿನ ವರ್ಷ ಬುಧವಾರ, ಶನಿವಾರ ಹಾಜರಿ ಹೇಳಿದವರೇ. ಒಬ್ಬರ ಮಾತಿನ ಮೇಲೊಬ್ಬರಿಗೆ ನಂಬಿಕೆ ಇದ್ದುದರಿಂದ "ನೋಡಿದ್ದೇನೆ, ಇದೆ" ಎಂದು ಬರೆದರೆ ಇನ್ನೊಬ್ಬರು ಮತ್ತೆ ಕರೆ ಮಾಡಿ ಆ ಆಸ್ಪತ್ರೆಯ ಫೋನನ್ನು ಕಟ್ಟಿಹಾಕುತ್ತಿರಲಿಲ್ಲ.

ಹಾಗಾದರೆ ನೀವು ಮಾಡಬೇಕಾದದ್ದೇನು? ಬಡಾವಣೆಯ ಅಥವಾ ವಿಶ್ವವಿದ್ಯಾಲಯದ ಒಂದು ದೊಡ್ಡ ಗುಂಪಿಗೆ ಸೇರಿ, ಸದ್ದು ಅಡಗಿಸಿಡಿ, ಮಾತಾಡಲೇಬೇಕೆಂಬ ನಿಯಮವಿಲ್ಲ. ಅದರಲ್ಲಿ ಬಾಡಿಗೆ ಮನೆಗೋ ಹಳೆಯ ಮಂಚಕ್ಕೋ ಪರಿಚಯವಾದ ಎರಡು ಮೂರು ಮನೆಗಳಿಗೆ ಮೊದಲ ತಿಂಗಳಲ್ಲೇ ಹೋಗಿಬನ್ನಿ. ಊಟಕ್ಕೆ ಕರೆದರೆ ಸಂಕೋಚಪಡಬೇಡಿ, ಇಲ್ಲಿನವರು ಬಾಯಿಮಾತಿಗೆ ಕರೆಯುವುದು ಕಡಿಮೆ. ಮಾತು ಕಡಿಮೆಯವರಿಗೆ ಸಣ್ಣ ಕೂಟವೇ ಹೆಚ್ಚು ಹೊಂದುತ್ತದೆ, ಏಕೆಂದರೆ ಅಲ್ಲಿ ನಿಮ್ಮ ಮೌನವನ್ನೂ ಗಮನಿಸುವವರಿರುತ್ತಾರೆ. ಕನ್ನಡದವರಲ್ಲದ ಪಕ್ಕದ ಮನೆಯವರ ಸಂಖ್ಯೆಯನ್ನೂ ಪಡೆದಿಟ್ಟುಕೊಳ್ಳಿ, ಐದು ಕಿಲೋಮೀಟರಿನ ನಿಯಮ ಬಂದಾಗ ಅವರೇ ಹತ್ತಿರದವರಾಗಿದ್ದರು. ಮನಸ್ಸು ತೀರಾ ಕುಸಿದರೆ ಯಾವ ಗುಂಪಿನಲ್ಲೂ ಬರೆಯುತ್ತ ಕೂರದೆ ಲೈಫ್‌ಲೈನ್ ಎಂಬ ಸಹಾಯವಾಣಿಯ 13 11 14ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಎತ್ತುತ್ತಾರೆ.

ತಾಯಿಯವರನ್ನು ಇಲ್ಲಿನ ಗುಂಪುಗಳಿಗೆ ಸೇರಿಸಬೇಡಿ. ಊರಿನಲ್ಲಿ ಕುಳಿತು ಇಲ್ಲಿನ ಪ್ರತಿಯೊಂದು ವದಂತಿಯನ್ನೂ ಓದುವವರಿಗೆ ಆತಂಕ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ಅದರ ಬದಲು ನಿಮ್ಮ ಜೊತೆ ಮನೆ ಹಂಚಿಕೊಂಡಿರುವವರದೊಂದು, ಹತ್ತಿರದ ಸಂಸಾರವೊಂದರದೊಂದು, ಹೀಗೆ ಎರಡು ಸಂಖ್ಯೆಗಳನ್ನು ಕೊಟ್ಟು, ನೀವು ಫೋನ್ ಎತ್ತದ ದಿನ ಯಾರಿಗೆ ಕರೆ ಮಾಡಬೇಕೆಂದು ಹೇಳಿಡಿ; ಆ ಸಂಸಾರದವರೊಡನೆ ಒಮ್ಮೆ ಅವರು ವಿಡಿಯೊದಲ್ಲಿ ಮಾತಾಡಿರಲಿ. ಸಮಯವನ್ನೂ ಬರೆದುಕೊಡಿ. ನೀವು ಬರುವ ಫೆಬ್ರವರಿಯಲ್ಲಿ ಐದೂವರೆ ಗಂಟೆಯ ಅಂತರವಿರುತ್ತದೆ, ಅವರು ರಾತ್ರಿ ಊಟವಾದ ಮೇಲೆ ಒಂಬತ್ತಕ್ಕೆ ಮಾಡಿದರೆ ಇಲ್ಲಿ ಎರಡೂವರೆ. ಮಧ್ಯಾಹ್ನ ಎರಡಕ್ಕೆ ಮಾಡಲಿ, ನಿಮಗೆ ಸಂಜೆ ಏಳೂವರೆ. ಏಪ್ರಿಲ್‌ನ ಮೊದಲ ಭಾನುವಾರ ಇಲ್ಲಿನ ಗಡಿಯಾರ ಹಿಂದೆ ಸರಿದ ಮೇಲೆ ಅದನ್ನು ಮೂರು ಗಂಟೆಗೆ ಬದಲಿಸಿಕೊಳ್ಳಲಿ.