ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಏರಿದರೆ ಕರೆಂಟ್ ಇಳಿಯುತ್ತೆ ಅಂತಾರೆ. ಹಾಗಾದ್ರೆ ವೋಲ್ಟೇಜ್ ಏರಿದಷ್ಟೂ ಕರೆಂಟ್ ಏರುತ್ತೆ ಅನ್ನೋ ಓಮ್‌ನ ನಿಯಮ ಏನಾಯ್ತು?

ಓಮ್‌ನ ನಿಯಮಕ್ಕೆ ಏನೂ ಆಗಿಲ್ಲ. ಎರಡು ಬೇರೆ ಬೇರೆ ಕಡೆಯ ಕರೆಂಟನ್ನು ನೀವು ಒಂದೇ ಅಂದುಕೊಂಡಿದ್ದೀರಿ, ಅಷ್ಟೇ. ಸ್ಟೆಪ್-ಅಪ್‌ನಲ್ಲಿ (ವೋಲ್ಟೇಜ್ ಏರಿಸೋ ಟ್ರಾನ್ಸ್‌ಫಾರ್ಮರ್) ಕರೆಂಟ್ ಕಡಿಮೆ ಅನ್ನೋದು ಪ್ರೈಮರಿಗೆ (ವಿದ್ಯುತ್ ಒಳಬರೋ ಸುರುಳಿ) ಹೋಲಿಸಿದರೆ ಸೆಕೆಂಡರಿಯಲ್ಲಿ (ವಿದ್ಯುತ್ ಹೊರಹೋಗೋ ಸುರುಳಿ) ಕಡಿಮೆ ಅಂತ. ಓಮ್‌ನ ನಿಯಮ ಅನ್ವಯಿಸೋದು ಸೆಕೆಂಡರಿಗೆ ಕಟ್ಟಿದ ಲೋಡ್‌ಗೆ, ಅಂದರೆ ವಿದ್ಯುತ್ ಬಳಸೋ ಉಪಕರಣಕ್ಕೆ.

ಲೆಕ್ಕ ಹಾಕೋಣ. 100 ಓಮ್‌ನ ಹೀಟರ್ ಕಾಯಿಲ್ ಇದೆ ಅನ್ನಿ. ನೇರ 230 ವೋಲ್ಟ್ ಕೊಟ್ಟರೆ 2.3 ಆಂಪ್. ನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟು 460 ವೋಲ್ಟ್ ಮಾಡಿದರೆ ಕಾಯಿಲ್‌ನಲ್ಲಿ 4.6 ಆಂಪ್ (ಅದು ತಡೆದುಕೊಂಡರೆ!). ಓಮ್ ಹೇಳಿದ ಹಾಗೇ ದುಪ್ಪಟ್ಟಾಯ್ತು. ಆದರೆ ಆಗ ಪ್ರೈಮರಿ ಎಳೆಯೋದು 9.2 ಆಂಪ್, ಸೆಕೆಂಡರಿಯದು ಅದರ ಅರ್ಧ. ಎರಡು ಮಾತೂ ನಿಜವಾಯ್ತಲ್ಲ? ಪವರ್ ಮಾತ್ರ ನಾಲ್ಕು ಪಟ್ಟಾಗಿದೆ, 529 ವ್ಯಾಟ್‌ನಿಂದ 2116ಕ್ಕೆ.

ಸೆಕೆಂಡರಿಯಲ್ಲಿ ಎಷ್ಟು ಹರಿಯುತ್ತಿದೆ ಅಂತ ಪ್ರೈಮರಿಗೆ ತಿಳಿಯೋದು ಹೇಗೆ? ನಡುವೆ ತಂತಿಯ ಸಂಪರ್ಕವೇ ಇಲ್ಲ. ಇರೋದು ಕೋರ್‌ನ (ಸುರುಳಿಗಳ ಒಳಗಿನ ಕಬ್ಬಿಣದ ತಿರುಳು) ಫ್ಲಕ್ಸ್, ಅಂದರೆ ಕಾಂತೀಯ ಹರಿವು. ಪ್ರೈಮರಿಗೆ ಕೊಟ್ಟ ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿ ಸೇರಿ ಆ ಫ್ಲಕ್ಸ್ ಎಷ್ಟಿರಬೇಕು ಅಂತ ಗೊತ್ತು ಮಾಡಿಬಿಡುತ್ತವೆ. ಸೆಕೆಂಡರಿಯಲ್ಲಿ ಕರೆಂಟ್ ಹರಿದ ಕೂಡಲೇ ಅದು ಫ್ಲಕ್ಸನ್ನು ತಗ್ಗಿಸಲು ನೋಡುತ್ತೆ. ಹಾಗೆ ತಗ್ಗಿದಷ್ಟನ್ನು ತುಂಬಲು ಪ್ರೈಮರಿ ಲೈನಿನಿಂದ ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತೆ. ಎರಡೂ ಕಡೆ ಸುರುಳಿಯ ಸುತ್ತು ಗುಣಿಸು ಕರೆಂಟ್ ಹೆಚ್ಚುಕಡಿಮೆ ಸಮ. ಲೋಡೇ ಇಲ್ಲದಿದ್ದಾಗ ಪ್ರೈಮರಿಯಲ್ಲಿ ಹರಿಯೋದು ಕೋರನ್ನು ಮ್ಯಾಗ್ನೆಟ್ ಮಾಡಿಡೋ ಪುಡಿ ಕರೆಂಟ್. ರಾತ್ರಿ ಪಂಪ್‌ಸೆಟ್‌ಗಳೆಲ್ಲ ನಿಂತ ಮೇಲೂ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಗುಂಯ್‌ಗುಡುತ್ತಿರುತ್ತಲ್ಲ, ಅದು ಈ ಫ್ಲಕ್ಸ್‌ನ ಸದ್ದು.

ನಿಮ್ಮೂರಿನ ಟಿಸಿಯನ್ನು ಬೇಲಿಯಾಚೆಯಿಂದಲೇ ಒಮ್ಮೆ ನೋಡಿ. 11 ಕೆವಿ ಲೈನಿನಿಂದ ಇಳಿಯೋದು ಮೂರು ಸಣ್ಣ ತಂತಿ, ಎಲ್‌ಟಿ (ಕಡಿಮೆ ವೋಲ್ಟೇಜ್) ಕಡೆಯಿಂದ ಹೊರಡೋದು ದಪ್ಪ ಕೇಬಲ್. 100 ಕೆವಿಎ ಸಾಮರ್ಥ್ಯದ, 11000/433 ವೋಲ್ಟ್‌ನದಾದರೆ ನೇಮ್‌ಪ್ಲೇಟಲ್ಲಿ ಎಚ್‌ವಿ (ಹೆಚ್ಚು ವೋಲ್ಟೇಜ್ ಕಡೆ) 5.25 ಆಂಪ್, ಎಲ್‌ವಿ (ಕಡಿಮೆ ವೋಲ್ಟೇಜ್ ಕಡೆ) 133.3 ಆಂಪ್ ಅಂತಿರುತ್ತೆ. ಇದು ಫುಲ್ ಲೋಡ್ ಲೆಕ್ಕ. ಈ ಗಳಿಗೆಯಲ್ಲಿ ಎಷ್ಟು ಹರಿಯುತ್ತಿದೆ ಅನ್ನೋದು ಲೋಡ್ ಕೈಲಿದೆ. 11000ವನ್ನು 433ರಿಂದ ಭಾಗಿಸಿದರೆ 25.4 ಬರುತ್ತೆ. ಅದೇ ಸುತ್ತಿನ ಅನುಪಾತ ಅಂದುಕೊಳ್ಳಬೇಡಿ. ಇಂಥವುಗಳಲ್ಲಿ ಸಾಮಾನ್ಯವಾಗಿ ಮೂರು ಸುರುಳಿಗಳನ್ನು ಜೋಡಿಸೋ ರೀತಿ ಎಚ್‌ವಿಯಲ್ಲಿ ಡೆಲ್ಟಾ (ತ್ರಿಕೋನ), ಎಲ್‌ವಿಯಲ್ಲಿ ಸ್ಟಾರ್ (ನಕ್ಷತ್ರ). ಡೆಲ್ಟಾದಲ್ಲಿ ಒಂದೊಂದು ಸುರುಳಿಗೆ ಪೂರ್ತಿ 11000 ವೋಲ್ಟ್, ಸ್ಟಾರ್‌ನಲ್ಲಿ 433ನ್ನು √3ರಿಂದ ಭಾಗಿಸಿದ 250 ವೋಲ್ಟ್ ಮಾತ್ರ. ಹಾಗಾಗಿ ಸುತ್ತಿನ ಅನುಪಾತ 11000/250, ಅಂದರೆ 44. ಪರೀಕ್ಷೆಯಲ್ಲಿ ಹುಡುಗರು ಅಂಕ ಕಳೆದುಕೊಳ್ಳೋ ಜಾಗ ಇದು.

ಲೈನಿನಲ್ಲಿ ವೋಲ್ಟೇಜ್ ಏರಿಸೋದು ಯಾಕೆ ಅಂದರೆ, ಅಷ್ಟೇ ಪವರ್‌ಗೆ ಕರೆಂಟ್ ಅರ್ಧವಾದರೆ ತಂತಿಯ ಬಿಸಿಯಲ್ಲಿ ಹೋಗೋ ನಷ್ಟ ಕಾಲು ಭಾಗಕ್ಕಿಳಿಯುತ್ತೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿವರೆಗೆ ವಿದ್ಯುತ್ ಹೋಗಲು ಸಾಧ್ಯವಾಗಿದ್ದು ಈ ಉಪಾಯದಿಂದಲೇ.

ಇನ್ನೊಂದು ಮಾತು: ಹೀಟರ್ ಲೆಕ್ಕವನ್ನು ಪಂಪ್‌ಸೆಟ್ ಮೋಟರ್‌ಗೆ ಹಚ್ಚಬೇಡಿ. ಅದು ನೀರೆತ್ತೋ ಕೆಲಸ ಬಿಡೋದಿಲ್ಲ. ಹಾಗಾಗಿ ವೋಲ್ಟೇಜ್ ಕುಸಿದರೆ ಕರೆಂಟ್ ಹೆಚ್ಚು ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತೆ.